ದಾರಿಗೆ ಬಿದ್ದ ಮರ ಯಾರ ಪಾಲು?

ಮೇ ತಿಂಗಳಲ್ಲಿ ಚಿಕ್ಕೋಡಿ, ರಾಯಬಾಗ ಭಾಗದಲ್ಲಿ ಗಾಳಿ ಸಮೇತ ಅಡ್ಡಮಳೆ ಹೊಡೆದರೆ ಬೆಳಗಾಗುವಷ್ಟರಲ್ಲಿ ಯಾವುದಾದರೂ ದಾರಿಗೆ ಬೇವೋ ಜಾಲಿಯೋ ಅಡ್ಡಬಿದ್ದಿರುತ್ತದೆ. ಹೆಸ್ಕಾಂನವರು ತಂತಿ ಬಿಡಿಸುತ್ತಾರೆ, ಜೆಸಿಬಿ ಬಂದು ಕಾಂಡವನ್ನು ಬದಿಗೆ ನೂಕುತ್ತದೆ. ಅಷ್ಟರೊಳಗೆ ಕೊಡಲಿ ಹಿಡಿದವರು ಟೊಂಗೆ ಸವರಿ ಒಲೆಗೆ ಒಯ್ದಿರುತ್ತಾರೆ. ಉಳಿಯುವುದು ದಿಮ್ಮಿ. ತಕರಾರು ಇರುವುದೂ ಅದರದೇ. ಪಕ್ಕದ ಹೊಲದವರು ತಮ್ಮ ಬದುವಿನದು ಎನ್ನುತ್ತಾರೆ, ಊರವರು ಸರ್ಕಾರದ್ದು ಎನ್ನುತ್ತಾರೆ, ಕಟ್ಟಿಗೆ ಅಡ್ಡೆಯವರು ದರ ಕೇಳುತ್ತಾರೆ.

ಕಾನೂನು ಮೊದಲು ನೋಡುವುದು ಬೇರು ಎಲ್ಲಿತ್ತು ಎಂಬುದನ್ನು. ಹೊಲದ ಮರ ರಸ್ತೆಗೆ ಉರುಳಿದರೂ ಅದು ರೈತನದೇ. ಸರ್ಕಾರದ ಖರ್ಚಿನಲ್ಲಿ ರಸ್ತೆಬದಿ ನೆಟ್ಟು ಬೆಳೆಸಿದ ಮರ ಸರ್ಕಾರಕ್ಕೆ ಸೇರಿದ್ದೆಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ. ಏಕಸಂಬಿಯಂಥ ಪಟ್ಟಣದೊಳಗಿನ ಬೀದಿಮರವಾದರೆ ಅದೇ ವರ್ಷದ ಪುರಸಭೆಗಳ ಕಾಯ್ದೆಯ ಪ್ರಕಾರ ಬೀದಿಯ ಜತೆಗೆ ಸ್ಥಳೀಯ ಸಂಸ್ಥೆಯ ಆಸ್ತಿ.

ನೆಟ್ಟು ನೀರೆರೆದವರಿಗೇನೂ ಇಲ್ಲವೇ? ಮಾಗಡಿ ತಾಲ್ಲೂಕಿನ ಹುಲಿಕಲ್‌–ಕುದೂರು ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲಗಳನ್ನು ನಾಡೆಲ್ಲ ‘ತಿಮ್ಮಕ್ಕನ ಮರ’ ಎನ್ನುತ್ತದೆ. 2019ರಲ್ಲಿ ರಸ್ತೆ ಅಗಲೀಕರಣದಿಂದ ಅವಕ್ಕೆ ಕುತ್ತು ಬಂದಾಗ ಪದ್ಮಶ್ರೀ ಪಡೆದಿದ್ದ ಆ ಅಜ್ಜಿಯೂ ಮುಖ್ಯಮಂತ್ರಿ ಕುಮಾರಸ್ವಾಮಿ ಅವರಲ್ಲಿ ಮನವಿ ಮಾಡಬೇಕಾಯಿತು.

ಗಡಿಭಾಗದ ಹಳೆಯ ಕಾನೂನು ಇದಕ್ಕಿಂತ ಸ್ವಾರಸ್ಯವಾಗಿತ್ತು. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಇಲ್ಲಿ ನಡೆಯುತ್ತಿದ್ದುದು 1879ರ ಮುಂಬಯಿ ಭೂಕಂದಾಯ ಸಂಹಿತೆ. ಅದರ 42ನೇ ಕಲಮಿನಂತೆ ರಸ್ತೆಬದಿಯ ಮರ ನಿಂತಿರುವವರೆಗೆ ಸರ್ಕಾರದ್ದು. ಒಣಗಿದರೆ, ಗಾಳಿಗೆ ಬಿದ್ದರೆ, ಕಲೆಕ್ಟರ್ ಹುಕುಂ ಮೇರೆಗೆ ಕಡಿದರೆ ಕಟ್ಟಿಗೆ ಆ ನೆಲದ ಹಿಡುವಳಿದಾರನಿಗೆ. ಹಣ್ಣು, ಸವರಿದ ಟೊಂಗೆಯೂ ಅವನಿಗೇ. ಆದರೆ ಕಲೆಕ್ಟರ್ ಹೇಳದೆ ಟೊಂಗೆ ಸವರುವಂತಿಲ್ಲ! ನೆರಳು ಬಿದ್ದ ಕಡೆ ಜೋಳ ಏಳುವುದಿಲ್ಲ, ಬೇರು ನೇಗಿಲಿಗೆ ಅಡ್ಡ ಬರುತ್ತದೆ. ಆ ನಷ್ಟ ತಿಂದವನಿಗೇ ಕಟ್ಟಿಗೆ ಬಿಟ್ಟದ್ದು ನ್ಯಾಯವೆಂದೇ ತೋರುತ್ತದೆ. ಕಾಯುವ ಕೈಯೂ ಒಂದು ಸಿಕ್ಕಂತಾಗುತ್ತಿತ್ತು.

ಬಿದ್ದ ಮರವನ್ನು ‘ಹೆಂಗೂ ಬಿದ್ದೈತಿ’ ಎಂದು ಎತ್ತಿಕೊಳ್ಳುವವರು ಇನ್ನೊಂದು ಸಂಗತಿ ತಿಳಿದಿರಬೇಕು. ನೆಲಕ್ಕೆ ಅಂಟಿ ನಿಂತ ಮರ ಚರಾಸ್ತಿಯಲ್ಲ, ಹಾಗಾಗಿ ನಿಂತಿರುವಷ್ಟು ಹೊತ್ತು ಕಳವಿನ ವಸ್ತುವೂ ಅಲ್ಲ. ನೆಲದಿಂದ ಬೇರ್ಪಟ್ಟ ಗಳಿಗೆಯಿಂದ ಅದು ಕಳವಿನ ಕಲಮಿಗೆ ಒಳಪಡುತ್ತದೆ. ಹಳೆಯ ದಂಡ ಸಂಹಿತೆಯಲ್ಲಿದ್ದ ಈ ವಿವರಣೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ.

ಹೊಳೆಯಲ್ಲಿ ತೇಲಿ ಬಂದ ದಿಮ್ಮಿಗೂ ವಾರಸುದಾರರಿದ್ದಾರೆ. 2019ರ ಆಗಸ್ಟ್‌ನಂಥ ಮಹಾಪೂರದಲ್ಲಿ ಕೃಷ್ಣೆ, ದೂಧಗಂಗೆಯ ದಡಕ್ಕೆ ಹತ್ತಿದ ನಾಟ, ಯಾರಾದರೂ ಹಕ್ಕು ರುಜುವಾತು ಮಾಡುವವರೆಗೆ ಸರ್ಕಾರದ್ದೆಂಬುದು 1963ರ ಅರಣ್ಯ ಕಾಯ್ದೆಯ ನಿಯಮ.

ತನ್ನದೇ ಮರವಿದ್ದವರಿಗೂ ಓಡಾಟ ತಪ್ಪಿದ್ದಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಒಣಗಿದ, ರೋಗ ಬಿದ್ದ, ಗಾಳಿಗೆ ಉರುಳಿದ ಮರಕ್ಕೆ ಮಾತ್ರ ಅವರು ಅನುಮತಿ ನಿರಾಕರಿಸುವಂತಿಲ್ಲ. ತೇಗ, ಬೀಟೆಯಂಥವನ್ನು ಸಾಗಿಸಲು ಪರವಾನಗಿ ಬೇರೆ. ಶ್ರೀಗಂಧದ ಕಥೆಯಂತೂ ಕೇಳುವುದೇ ಬೇಡ: ಸ್ವಂತ ಹೊಲದಲ್ಲಿ ಬೆಳೆದದ್ದೂ ರೈತನದಾದದ್ದು 2001ರ ತಿದ್ದುಪಡಿಯ ಬಳಿಕ.

ಸರ್ಕಾರಿ ಮರ ಬಿದ್ದರೆ ಅರಣ್ಯ ಇಲಾಖೆಯವರು ದಿಮ್ಮಿಯ ಉದ್ದ, ಸುತ್ತಳತೆಯನ್ನು ಟೇಪಿನಲ್ಲಿ ಅಳೆದು, ನಂಬರು ಬರೆದು, ಬೆಲೆ ಕಟ್ಟಿ ಹರಾಜಿಗಿಡುತ್ತಾರೆ. ಇದು ಬೇಗ ನಡೆದರೆ ಖಜಾನೆಗೆ ನಾಲ್ಕು ಕಾಸು. ಇಲಾಖೆಗಳ ನಡುವೆ ಕಾಗದ ಓಡಾಡುತ್ತ ಕುಳಿತರೆ ಗೆದ್ದಲಿಗೆ ಹಬ್ಬ.

ಆದ್ದರಿಂದ ಹೊಲದ ಮುಂದೆ ಮರ ಬಿದ್ದವರು ಗರಗಸ ಹುಡುಕುವ ಮುಂಚೆ ಬುಡದ ಫೋಟೊ ತೆಗೆದಿಟ್ಟುಕೊಳ್ಳಲಿ. ರಸ್ತೆಯ ಹದ್ದು ಎಲ್ಲಿದೆ ಎಂಬ ಅನುಮಾನವಿದ್ದರೆ ಭೂಮಾಪನ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಕೊಡಲಿ. ಮರ ಸರ್ಕಾರದ್ದೆಂದು ತಿಳಿದ ಮೇಲೂ ಕಟ್ಟಿಗೆ ಬೇಕೆನಿಸಿದರೆ ಹರಾಜಿನಲ್ಲಿ ಕೂಗಬಹುದು.