ಹುಲ್ಲುಗಾವಲು ಮತ್ತು ಕೀಟಸಂಕುಲ

ಅಲ್ಪವಾದುದನ್ನು ಸೂಚಿಸಬೇಕಾದಾಗ ನಮ್ಮ ನುಡಿಯಲ್ಲಿ ಥಟ್ಟನೆ ಒದಗಿಬರುವ ಶಬ್ದಗಳು ಎರಡು: ತೃಣ ಮತ್ತು ಕೀಟ. ಲೆಕ್ಕಕ್ಕಿಡದೆ ಕಡೆಗಣಿಸುವುದು 'ತೃಣೀಕರಿಸುವುದು'. ಗಣನೆಗೆ ಬಾರದವನು 'ಕ್ಷುದ್ರಕೀಟ'. ಆದರೆ ಈ ತೃಣಕ್ಕೂ ಈ ಕೀಟಕ್ಕೂ ಇರುವ ಸಂಬಂಧವು ಅತ್ಯಂತ ಸೂಕ್ಷ್ಮವಾದುದು. ಹುಲ್ಲು ಬೆರಳಗಲದಷ್ಟು ಹೆಚ್ಚು ಬೆಳೆದುದೇ ಕಾರಣವಾಗಿ ಒಂದು ಜೀವಜಾತಿಯು ಒಂದು ದೇಶದಿಂದಲೇ ಅಳಿದುಹೋದ ನಿದರ್ಶನವುಂಟು.

ಆ ದೇಶ ಬ್ರಿಟನ್. ಆ ಜೀವಿ 'ಲಾರ್ಜ್ ಬ್ಲೂ' ಎಂಬ ನೀಲಿ ಚಿಟ್ಟೆ. ಇದರ ಜೀವನಕ್ರಮವು ವಿಸ್ಮಯಕರವಾದುದು. ಹೆಣ್ಣು ಚಿಟ್ಟೆಯು ಥೈಮ್ ಎಂಬ ಸುವಾಸನೆಯ ಕಿರುಗಿಡದ ಮೊಗ್ಗಿನ ಮೇಲೆ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ಎರಡು ಮೂರು ವಾರ ಆ ಹೂವನ್ನೇ ತಿಂದು, ಬಳಿಕ ನೆಲಕ್ಕೆ ಬೀಳುತ್ತದೆ. ಅಲ್ಲಿ ಸಂಚರಿಸುವ ಒಂದು ಬಗೆಯ ಕೆಂಪಿರುವೆಗಳು ಅದನ್ನು ತಮ್ಮದೇ ಮರಿಯೆಂದು ಭ್ರಮಿಸಿ ಗೂಡಿಗೆ ಹೊತ್ತೊಯ್ಯುತ್ತವೆ. ಹೀಗೆ ಅತಿಥಿಯಾಗಿ ಹೊಕ್ಕ ಹುಳು, ಆತಿಥೇಯರ ಮರಿಗಳನ್ನೇ ಭಕ್ಷಿಸುತ್ತ ಸುಮಾರು ಹತ್ತು ತಿಂಗಳು ನೆಲದೊಳಗೆ ಬೆಳೆದು, ಮರುವರ್ಷದ ಬೇಸಿಗೆಯಲ್ಲಿ ರೆಕ್ಕೆ ತಳೆದು ಹೊರಬರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಚಿಟ್ಟೆಗಳು ವರ್ಷೇ ವರ್ಷೇ ಕ್ಷೀಣಿಸತೊಡಗಿದವು. ಚಿಟ್ಟೆ ಹಿಡಿದು ಸಂಗ್ರಹಿಸುವ ಹವ್ಯಾಸಿಗಳೇ ಇದಕ್ಕೆ ಕಾರಣರೆಂದು ಬಗೆದು, ಅವು ಉಳಿದಿದ್ದ ತಾಣಗಳಿಗೆ ಬೇಲಿ ಹಾಕಿ ರಕ್ಷಿಸಲು ಯತ್ನಿಸಿದ್ದೂ ಉಂಟು. ಬೇಲಿಯು ಸಂಗ್ರಾಹಕರನ್ನು ತಡೆಯಿತು. ಅದರೊಡನೆ ಮೇಯುವ ದನಕುರಿಗಳನ್ನೂ ತಡೆಯಿತು. 1953ರಲ್ಲಿ ಬ್ರಿಟನ್ನಿಗೆ ಕಾಲಿಟ್ಟ ಮಿಕ್ಸೊಮಟೋಸಿಸ್ ಎಂಬ ರೋಗದಿಂದ ಹುಲ್ಲು ಮೇಯುವ ಕಾಡುಮೊಲಗಳೂ ಅಸಂಖ್ಯವಾಗಿ ಸತ್ತವು. ಲಾಭವಿಲ್ಲವೆಂದು ಕಡಿದಾದ ಇಳಿಜಾರುಗಳಲ್ಲಿ ಮಂದೆ ಮೇಯಿಸುವುದನ್ನು ರೈತರೂ ಕೈಬಿಡುತ್ತಿದ್ದರು.

1972ರಿಂದ ಜೆರೆಮಿ ಥಾಮಸ್ ಎಂಬ ವಿಜ್ಞಾನಿಯು ಈ ಚಿಟ್ಟೆಯ ಬದುಕನ್ನು ಸ್ಥಳದಲ್ಲಿಯೇ ಇದ್ದು ಅಭ್ಯಸಿಸಿದಾಗ ನಿಜವಾದ ಕಾರಣ ತಿಳಿದುಬಂದಿತು. ಕೆಂಪಿರುವೆಗಳಲ್ಲಿ ಹಲವು ಜಾತಿಗಳಿದ್ದರೂ ಅಲ್ಲಿ ಚಿಟ್ಟೆಯ ಮರಿ ಚೆನ್ನಾಗಿ ಬದುಕಿ ಉಳಿಯುವುದು ಮಿರ್ಮಿಕ ಸಬುಲೆಟಿ ಎಂಬ ಒಂದೇ ಜಾತಿಯ ಗೂಡಿನಲ್ಲಿ. ಈ ಇರುವೆಗೆ ಬೆಚ್ಚನೆಯ ನೆಲ ಬೇಕು. ಹುಲ್ಲು ಗಿಡ್ಡವಾಗಿದ್ದರೆ ಬಿಸಿಲು ಮಣ್ಣನ್ನು ಮುಟ್ಟುತ್ತದೆ. ತುಸು ಬೆಳೆದರೂ ನೆರಳು ಕವಿದು ಮಣ್ಣಿನ ಶಾಖ ಎರಡು ಮೂರು ಡಿಗ್ರಿಗಳಷ್ಟು ಇಳಿಯುತ್ತದೆ. ಆಗ ಈ ಇರುವೆ ಹಿಂಜರಿದು, ತಂಪನ್ನು ಸಹಿಸುವ ಬೇರೊಂದು ಜಾತಿ ಅಲ್ಲಿ ನೆಲೆಯೂರುತ್ತದೆ. ನೋಡುವವರ ಕಣ್ಣಿಗೆ ಹುಲ್ಲೂ ಇದೆ, ಥೈಮ್ ಗಿಡವೂ ಇದೆ, ಕೆಂಪಿರುವೆಯೂ ಇದೆ, ಆದರೂ ಚಿಟ್ಟೆಯಿಲ್ಲ. ಈ ರಹಸ್ಯವು ತಿಳಿಯುವ ವೇಳೆಗೆ ಕಾಲ ಮೀರಿತ್ತು. 1979ರಲ್ಲಿ ಬ್ರಿಟನ್ನಿನಲ್ಲಿ ಈ ಚಿಟ್ಟೆಯ ಸಂತತಿ ನಿಶ್ಶೇಷವಾಯಿತು.

ಆದರೆ ದೊರೆತ ಜ್ಞಾನವು ವ್ಯರ್ಥವಾಗಲಿಲ್ಲ. ತಕ್ಕ ತಾಣಗಳಲ್ಲಿ ಪೊದೆಗಳನ್ನು ಕಡಿದು, ದನಗಳನ್ನೂ ಕುದುರೆಗಳನ್ನೂ ಮೇಯಲು ಬಿಟ್ಟು ನೆಲವನ್ನು ಹದಗೊಳಿಸಿ, 1983ರಿಂದ ಸ್ವೀಡನ್ನಿನ ಸಂತತಿಯನ್ನು ತಂದು ಬಿಡಲಾಯಿತು. ಪ್ರಯತ್ನ ಫಲಿಸಿತು. ಈ ಚಿಟ್ಟೆ ಬಹುದೂರ ಹಾರುವಂಥದಲ್ಲವಾದ್ದರಿಂದ ಒಂದು ತಾಣವನ್ನು ಕಾಪಾಡಿದರೆ ಸಾಲದು. ಒಂದರ ಸಮೀಪದಲ್ಲಿ ಮತ್ತೊಂದು ತಾಣವಿರಬೇಕು. ಸಾಮರ್ಸೆಟ್ ಪ್ರಾಂತದ ಗುಡ್ಡಗಳಲ್ಲಿ ಹೀಗೆ ನೆರೆಹೊರೆಯ ತಾಣಗಳನ್ನು ಸಿದ್ಧಪಡಿಸಿದ್ದರಿಂದ ಚಿಟ್ಟೆಯು ತಾನಾಗಿಯೇ ಹೊಸ ನೆಲೆಗಳಿಗೆ ಹರಡಿತು.

ಹಾಗೆಂದು ಎಲ್ಲ ಕಡೆಯೂ ಹುಲ್ಲನ್ನು ಬುಡಮಟ್ಟ ಮೇಯಿಸಬೇಕೆಂದು ತಿಳಿಯಬಾರದು. ಮಿಡತೆಗಳಲ್ಲಿ ಅನೇಕ ಜಾತಿಗಳು ಬರಿಯ ನೆಲದಲ್ಲಿ ಮೊಟ್ಟೆಯಿಟ್ಟರೂ ಆಶ್ರಯಕ್ಕೆ ಎತ್ತರದ ಹುಲ್ಲನ್ನೇ ಬಯಸುತ್ತವೆ. ದುಂಬಿಗೂ ಜೇನಿಗೂ ಹೂಬಿಡುವವರೆಗೆ ಉಳಿದ ಸಸ್ಯಗಳು ಬೇಕು. ಒಂದೇ ದಿನ ಇಡೀ ಬಯಲನ್ನು ಕೊಯ್ದರೆ ಇವೆಲ್ಲಕ್ಕೂ ಏಕಕಾಲದಲ್ಲಿ ನೆಲೆ ತಪ್ಪುತ್ತದೆ. ಒಂದೆಡೆ ಗಿಡ್ಡ, ಒಂದೆಡೆ ನೀಳ, ನಡುವೆ ಒಂದಿಷ್ಟು ಪೊದೆ, ಹೀಗೆ ವೈವಿಧ್ಯವುಳ್ಳ ನೆಲವೇ ವೈವಿಧ್ಯವುಳ್ಳ ಕೀಟಸಂಕುಲಕ್ಕೆ ಆಧಾರ.

ಈ ವಿವೇಕವು ಕನ್ನಡನಾಡಿಗೆ ಅಪರಿಚಿತವಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ವಿಂಗಡಿಸಿ, ದನಗಳನ್ನು ಋತುಮಾನಕ್ಕೆ ತಕ್ಕಂತೆ ಒಂದರಿಂದ ಮತ್ತೊಂದಕ್ಕೆ ಹೊಡೆಯುವ ಪದ್ಧತಿಯಿತ್ತು. ಉದ್ದೇಶವು ದನಗಳ ಮೇವೇ ಆದರೂ, ಆ ಕ್ರಮದಲ್ಲಿ ಮೇದ ನೆಲಕ್ಕೆ ಚಿಗುರಲು ಬಿಡುವು ದೊರೆಯುತ್ತಿತ್ತು. ತರುವಾಯ ಇಂಥ ಎಷ್ಟೋ ಬಯಲುಗಳನ್ನು ಬಂಜರೆಂದು ಕರೆದು, ಕೆಲವನ್ನು ಉಳುಮೆಗೆ ಕೊಟ್ಟುದೂ ಕೆಲವೆಡೆ ನೀಲಗಿರಿ ನೆಟ್ಟುದೂ ಆಯಿತು. ಮರವಿಲ್ಲದ ನೆಲವೆಲ್ಲ ಬರಿದಾದ ನೆಲವೆಂಬುದು ತಪ್ಪು ತಿಳಿವಳಿಕೆ.

ರಕ್ಷಣೆಯೆಂದರೆ ಬೇಲಿ ಹಾಕಿ ದೂರ ನಿಲ್ಲುವುದಷ್ಟೇ ಅಲ್ಲ. ಏನನ್ನು, ಯಾತರಿಂದ, ಹೇಗೆ ರಕ್ಷಿಸಬೇಕೆಂಬುದನ್ನು ಮೊದಲು ಅರಿಯುವುದು. ಶಾಲೆಯ ಮಕ್ಕಳನ್ನು ಊರ ಗೋಮಾಳಕ್ಕೆ ಕರೆದೊಯ್ದು, ಮೊಣಕಾಲೂರಿ ಕುಳಿತು ಒಂದು ಗೇಣು ನೆಲವನ್ನು ಅರ್ಧ ಗಂಟೆ ದಿಟ್ಟಿಸಿ ನೋಡಲು ಕಲಿಸಿದರೆ ಆ ಅರಿವಿಗೆ ಅದೇ ಮೊದಲ ಪಾಠವಾದೀತು. ಹಾಗೆ ನೋಡಿದವರು ಮುಂದೆ ಯಾವುದನ್ನೂ ತೃಣೀಕರಿಸಲಾರರು.