ವಿಮಾನದಲ್ಲಿ ಸೀಟು: ‘ಯಾವುದಾದರೂ ಆಯ್ತು’ ಎನ್ನಬೇಡಿ!

ಶಿರಸಿಯ ಬಸ್‌ಸ್ಟ್ಯಾಂಡಿಗೆ ಕುಮಟೆ ಬಸ್ಸು ಬಂದು ನಿಲ್ಲುವುದೇ ತಡ, ಕಿಟಕಿಯೊಳಗೆ ಟವೆಲ್ಲು, ಕೈಚೀಲ, ಕೊಡೆ ತೂರಿಸಿ ಸೀಟು ಹಿಡಿಯುವ ಸಾಹಸವನ್ನು ನೀವೂ ಮಾಡಿರುತ್ತೀರಿ. ದೇವಿಮನೆ ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸುವವರಿಗೆ ಕಿಟಕಿ ಬದಿ ಬೇಕು, ಹಿಂದಿನ ಚಕ್ರದ ಮೇಲಿನ ಸೀಟು ಬೇಡವೇ ಬೇಡ. ಇದನ್ನೆಲ್ಲ ನಮಗೆ ಯಾರೂ ಕಲಿಸಬೇಕಾಗಿಲ್ಲ. ಕುಮಟೆಯ ದಾರಿಗೆ ಇಷ್ಟು ಜಾಣತನ ತೋರಿಸುವ ನಾನು, ಅಮೆರಿಕದ ದಾರಿಗೆ ಹೊರಟಾಗ ಮಾತ್ರ ಪೆದ್ದಿಯಾದೆ. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ. ನಗುವವರು ನಗಬಹುದು, ಆದರೆ ನಾಳೆ ನಿಮ್ಮ ಮಗಳೂ ದೂರದೇಶದಿಂದ ಬಾಣಂತನಕ್ಕೆ ಕರೆದಾಳು, ಆಗ ಈ ಬರಹ ನೆನಪಿಗೆ ಬರಲಿ.

ಈಗ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳಲ್ಲಿ ಮಕ್ಕಳು ಹೊರದೇಶದಲ್ಲಿದ್ದಾರೆ. ತೋಟದ ಅಂಚು ದಾಟದ ನಮ್ಮಂಥವರೂ ಪಾಸ್‌ಪೋರ್ಟು ಮಾಡಿಸಿಕೊಂಡು ಸಮುದ್ರ ದಾಟುತ್ತಿದ್ದೇವೆ. ಸೂಟ್‌ಕೇಸಿನಲ್ಲಿ ಏನೇನು ತುಂಬಬೇಕೆಂದು ತಿಂಗಳುಗಟ್ಟಲೆ ಯೋಚಿಸುತ್ತೇವೆ: ಅಪ್ಪೆಮಿಡಿ ಉಪ್ಪಿನಕಾಯಿ, ಅಂಟಿನ ಉಂಡೆ, ಕಷಾಯದ ಪುಡಿ... ಆದರೆ ನಾವು ಎಲ್ಲಿ ಕೂರಬೇಕು ಎಂಬುದನ್ನು ಒಂದು ನಿಮಿಷವಾದರೂ ಯೋಚಿಸುತ್ತೇವೆಯೇ?

ನಾನು ಮಾಡಿದ ತಪ್ಪು

2023ರಲ್ಲಿ ಮಗಳ ಚೊಚ್ಚಲ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟೆ, ಒಬ್ಬಳೇ. ಬೆಂಗಳೂರಿನಿಂದ ನಾಲ್ಕು ತಾಸು ಒಂದು ವಿಮಾನ. ಅಲ್ಲಿ ಇಳಿದು ಇನ್ನೊಂದರಲ್ಲಿ ಹದಿನಾರು ತಾಸು. ಕೌಂಟರಿನ ಹುಡುಗಿ ನಗುತ್ತ “ವಿಂಡೋ ಆರ್ ಐಲ್?” ಎಂದು ಕೇಳಿದಳು. ವಿಂಡೋ ಗೊತ್ತು, ಈ ‘ಐಲ್’ ಎಂದರೆ ಎಂಥದು? ಕೇಳಲು ನಾಚಿಕೆ. ಹಿಂದೆ ಸಾಲು ಬೇರೆ. “ಯಾವುದಾದರೂ ಆಯ್ತು” ಎಂದುಬಿಟ್ಟೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ, ಉಳಿದದ್ದರಲ್ಲಿ ಊಟ ಮಾಡಿ ರೂಢಿಯಾದ ಬಾಯಿಗೆ ಬೇರೆ ಮಾತು ಬರುವುದಾದರೂ ಹೇಗೆ?

ಸಿಕ್ಕಿದ್ದು ನಡುವಿನ ನಾಲ್ಕು ಸೀಟುಗಳ ಸಾಲಿನಲ್ಲಿ ನಟ್ಟನಡುವಿನದು. ದಾರಿ ಪಕ್ಕದಲ್ಲಿದ್ದವರು ಊಟ ಮುಗಿಸಿ ಕಂಬಳಿ ಹೊದ್ದು ಮಲಗಿಬಿಟ್ಟರು. ಅವರನ್ನು ಎಬ್ಬಿಸುವುದು ಹೇಗೆ? ಬಚ್ಚಲಿಗೆ ಹೋಗಬೇಕಾದೀತೆಂದು ನೀರೇ ಕುಡಿಯಲಿಲ್ಲ. ಹದಿನಾರು ತಾಸಿನಲ್ಲಿ ಎದ್ದದ್ದು ಒಂದೇ ಸಲ! ಇಳಿಯುವಾಗ ಚಪ್ಪಲಿಯೊಳಗೆ ಕಾಲೇ ತೂರಲಿಲ್ಲ.

ಪಾದದ ಬಾವು ಎರಡು ದಿನದಲ್ಲಿ ಇಳಿಯಿತು. ಆದರೆ ಎಡಗಾಲಿನ ಮೀನಖಂಡ ಮಾತ್ರ ಊದಿಕೊಂಡು ನೋಯತೊಡಗಿತು. ಮಗಳು ಕೇಳಲಿಲ್ಲ, ಆಸ್ಪತ್ರೆಗೆ ಕರೆದೊಯ್ದಳು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದೆಂದು ವೈದ್ಯರಿಗೆ ಶಂಕೆ. ಸ್ಕ್ಯಾನ್ ಮಾಡುವಷ್ಟು ಹೊತ್ತೂ ತುಂಬುಬಸುರಿ ಮಗಳು ಹೊರಗೆ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ದೇವರ ದಯೆ, ಏನೂ ಇರಲಿಲ್ಲ. “ಆಯಿ, ವಿಮಾನದಲ್ಲಿ ನೀರು ಕುಡದ್ಯಾ ಇಲ್ಯಾ?” ಎಂದು ಅವಳು ಕೇಳಿದಾಗ ತಲೆ ಎತ್ತಲಾಗಲಿಲ್ಲ. ಬಾಣಂತನ ಮಾಡಲು ಹೋದವಳು ಬಸುರಿಯ ಕೈಲಿ ಆರೈಕೆ ಮಾಡಿಸಿಕೊಂಡೆನಲ್ಲ!

ಕಾಲು ಊದುವುದೇಕೆ?

ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ದಬ್ಬುತ್ತವೆ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಆ ಕೆಲಸ ನಿಲ್ಲುತ್ತದೆ; ನೀರು ಪಾದಕ್ಕಿಳಿಯುತ್ತದೆ, ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನಾಲ್ಕು ತಾಸಿಗಿಂತ ಹೆಚ್ಚು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆದರೂ ಅದು ಸುಮಾರು ಆರು ಸಾವಿರ ಜನರಲ್ಲಿ ಒಬ್ಬರಿಗಷ್ಟೆ. ಹೆದರಿ ಪ್ರಯಾಣ ಬಿಡಬೇಕಾಗಿಲ್ಲ. ಏಳುವುದಕ್ಕೆ ಸಂಕೋಚಪಡಬಾರದು, ಅಷ್ಟೇ.

ವಿಮಾನದೊಳಗಿನ ಗಾಳಿಯೂ ನಮ್ಮ ಮಲೆನಾಡಿನದಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಒತ್ತಡ ಅಲ್ಲಿರುತ್ತದೆ. 6,330 ಅಡಿಯ ಮುಳ್ಳಯ್ಯನಗಿರಿಯ ತುದಿಯಲ್ಲಿ ಹದಿನಾರು ತಾಸು ಕೂತಂತೆ ಎನ್ನಿ! ಗಾಳಿಯಲ್ಲಿ ತೇವ ಬಹಳ ಕಡಿಮೆ, ತುಟಿ ಗಂಟಲು ಒಣಗುತ್ತವೆ. ಆದ್ದರಿಂದ ನೀರು ಕುಡಿಯಲೇಬೇಕು. ನೀರು ಕುಡಿದರೆ ಏಳಬೇಕು. ಏಳುವುದಾದರೆ ಏಳಲು ಅನುಕೂಲವಾದ ಸೀಟು ಬೇಕು. ಎಲ್ಲವೂ ಸೀಟಿಗೇ ಬಂದು ನಿಲ್ಲುತ್ತದೆ, ನೋಡಿದಿರಾ?

ಯಾವ ಸೀಟು, ಯಾರಿಗೆ?

‘ಐಲ್’ ಎಂದರೆ ಓಡಾಡುವ ದಾರಿಯ ಪಕ್ಕದ ಸೀಟು, ಇಷ್ಟೇ! ದೊಡ್ಡ ವಿಮಾನದಲ್ಲಿ ಇಂಥ ದಾರಿ ಎರಡಿರುತ್ತವೆ. ಬೋಯಿಂಗ್ 777ರಲ್ಲಿ ಹೆಚ್ಚಾಗಿ ಮೂರು-ನಾಲ್ಕು-ಮೂರು. ಬೋಯಿಂಗ್ 787, ಏರ್‌ಬಸ್ ಎ350ಗಳಲ್ಲಿ ಸಾಮಾನ್ಯವಾಗಿ ಮೂರು-ಮೂರು-ಮೂರು. ಏರ್‌ಬಸ್ ಎ330ರಲ್ಲಿ ಎರಡು-ನಾಲ್ಕು-ಎರಡು. ಸೀಟಿನ ಅಗಲ 17-18 ಇಂಚು, ಅಂದರೆ ಒಂದು ಮೊಳ.

ಸಾಲಿಗೆ ನಂಬರು, ಸೀಟಿಗೆ ಅಕ್ಷರ. ಹತ್ತು ಸೀಟಿನ ಸಾಲಿನಲ್ಲಿ ಎ ಮತ್ತು ಕೆ ಕಿಟಕಿಯವು. ಸಿ, ಡಿ, ಜಿ, ಎಚ್ ದಾರಿಯ ಪಕ್ಕದವು. ‘ಐ’ ಅಕ್ಷರವನ್ನು ಒಂದು ಎಂಬ ಅಂಕಿಯೆಂದು ತಪ್ಪು ತಿಳಿದಾರೆಂದು ಬಿಟ್ಟಿರುತ್ತಾರೆ.

ದಾರಿ ಪಕ್ಕದ ಸೀಟು: ಮಂಡಿನೋವು, ಸಕ್ಕರೆ ಕಾಯಿಲೆ ಇದ್ದವರಿಗೆ, ಮೇಲಿಂದ ಮೇಲೆ ಬಚ್ಚಲಿಗೆ ಹೋಗಬೇಕಾದವರಿಗೆ ಇದೇ ಸರಿ. ಇದರಲ್ಲೂ ಒಂದು ಗುಟ್ಟಿದೆ. ಮೂರು ಸೀಟಿನ ಬದಿಯಲ್ಲಿ ಕೂತರೆ ಒಳಗಿನ ಇಬ್ಬರೂ ನಿಮ್ಮನ್ನೇ ದಾಟಬೇಕು. ನಾಲ್ಕು ಸೀಟಿನ ನಡುಸಾಲಿನ ಅಂಚಿಗೆ ಕೂತರೆ ದಾಟುವವರು ಸಾಮಾನ್ಯವಾಗಿ ಒಬ್ಬರೇ. ಇನ್ನೊಬ್ಬರು ಆಚೆ ಬದಿಯಿಂದ ಹೋಗುತ್ತಾರೆ. ನಿದ್ದೆ ಕೆಡುವುದು ಅಷ್ಟು ಕಡಿಮೆ.

ಕಿಟಕಿ ಸೀಟು: ಗೋಡೆಗೆ ತಲೆ ಒರಗಿಸಿ ನಿದ್ದೆ ಮಾಡಬಹುದು. ಆದರೆ ಅಲ್ಲಿ ಕೂತವರು ಏಳುವುದೇ ಕಡಿಮೆ. ಗಟ್ಟಿ ಆರೋಗ್ಯದವರಿಗೆ ಅಡ್ಡಿಯಿಲ್ಲ.

ರೆಕ್ಕೆಯ ಹತ್ತಿರದ ಸೀಟು: ಕುಲುಕಾಟಕ್ಕೆ ಹೆದರುವವರಿಗೆ. ಏತದ ಹಲಗೆಯ ತುದಿ ಏರಿ ಇಳಿದರೂ ನಡುಭಾಗ ಅಷ್ಟು ಅಲುಗುವುದಿಲ್ಲವಲ್ಲ, ಹಾಗೆ.

ಎದುರಿಗೆ ಗೋಡೆಯಿರುವ ಮೊದಲ ಸಾಲು: ಮುಂದಿನವರ ಸೀಟು ನಿಮ್ಮ ಮೇಲೆ ಒರಗುವುದಿಲ್ಲ. ಆದರೆ ಕೂಸುಗಳ ತೊಟ್ಟಿಲು ಸಿಕ್ಕಿಸುವುದು ಅಲ್ಲೇ, ಅಳು ಕೇಳಲು ಸಿದ್ಧರಿರಿ. ಏರುವಾಗ ಇಳಿಯುವಾಗ ಕೈಚೀಲವನ್ನು ಮೇಲಿಡಬೇಕು. ಊಟದ ಹಲಗೆ ಕೈಯಾನಿಕೆಯೊಳಗೆ ಇರುವುದರಿಂದ ಅದನ್ನು ಎತ್ತಲೂ ಬರುವುದಿಲ್ಲ.

ತುರ್ತು ಬಾಗಿಲಿನ ಸಾಲು: ಕಾಲು ಚಾಚಲು ಧಾರಾಳ ಜಾಗ. ಆದರೆ ಆಪತ್ತಿನಲ್ಲಿ ಬಾಗಿಲು ತೆರೆಯಲು ನೆರವಾಗಬೇಕು, ಸಿಬ್ಬಂದಿ ಹೇಳಿದ್ದು ಅರ್ಥವಾಗಬೇಕು. ಬಸುರಿಯರಿಗೆ, ಅಶಕ್ತರಿಗೆ ಕೊಡುವುದಿಲ್ಲ.

ಕೊನೆಯ ಸಾಲು: ಕೆಲವು ವಿಮಾನಗಳಲ್ಲಿ ಬೆನ್ನು ಹಿಂದಕ್ಕೆ ಒರಗುವುದಿಲ್ಲ, ಬಚ್ಚಲಿನ ಬಾಗಿಲ ಸದ್ದು, ಸಾಲು ನಿಂತವರ ಮಾತು. ಬೇಡ.

ಹಿಡಿಯುವುದು ಹೇಗೆ?

ಟಿಕೆಟ್ ತೆಗೆಯುವಾಗಲೇ ಮಗಳಿಗೋ ಮಗನಿಗೋ ಹೇಳಿ ಸೀಟು ಆರಿಸಿಸಿರಿ. ಕೆಲವು ಕಂಪನಿಗಳು ಇದಕ್ಕೆ ಹೆಚ್ಚಿನ ಹಣ ಕೇಳುತ್ತವೆ. ಕೊಡಲು ಮನಸ್ಸಿಲ್ಲದಿದ್ದರೆ, ಹೊರಡುವ 24 ಅಥವಾ 48 ತಾಸು ಮೊದಲು ಮೊಬೈಲಿನಲ್ಲಿ ಚೆಕ್-ಇನ್ ಶುರುವಾಗುತ್ತದೆ. ಶುರುವಾದ ಗಳಿಗೆಯಲ್ಲೇ ಹಿಡಿದರೆ ಒಳ್ಳೆಯ ಸೀಟು ಪುಕ್ಕಟೆ ಸಿಗಲೂಬಹುದು. ಇದೇ ನೋಡಿ ವಿಮಾನಕ್ಕೆ ಟವೆಲ್ಲು ಹಾಕುವ ರೀತಿ! ಗಂಡ-ಹೆಂಡತಿ ಇಬ್ಬರೇ ಹೋಗುವುದಾದರೆ ಎ330ರ ಬದಿಯ ಜೋಡಿ ಸೀಟು ಬಲು ಹಿತ. ಮೂರರ ಸಾಲಾದರೆ ಕಿಟಕಿ ಮತ್ತು ದಾರಿ ಪಕ್ಕ ಹಿಡಿದು ನಡುವಿನದನ್ನು ಬಿಡಿ; ಯಾರೂ ಬಾರದಿದ್ದರೆ ಮೂರೂ ನಿಮ್ಮವೇ.

ನಡೆಯಲಾರದ ಹಿರಿಯರಿದ್ದರೆ ಗಾಲಿಕುರ್ಚಿ ಬೇಕೆಂದು ಮೊದಲೇ ಬರೆಸಿರಿ. ಹಿಂದೆ ರಕ್ತ ಹೆಪ್ಪುಗಟ್ಟಿದವರು, ಹೊಸದಾಗಿ ಆಪರೇಷನ್ ಆದವರು, ಬಸುರಿಯರು ವೈದ್ಯರನ್ನು ಕೇಳಿಯೇ ಹೊರಡಬೇಕು. ಬಿಗಿ ಕಾಲುಚೀಲವನ್ನೂ ಅವರ ಸಲಹೆಯಂತೆಯೇ ಹಾಕಿಕೊಳ್ಳಬೇಕು. ಪ್ರವಾಸ ವಿಮೆ ಮರೆಯಬೇಡಿ.

ಊಟದ ಬಗ್ಗೆ ಒಂದು ಎಚ್ಚರಿಕೆ. ‘ಹಿಂದೂ ಮೀಲ್’ ಎಂದು ಬರೆಸಿದರೆ ಅದರಲ್ಲಿ ಮಾಂಸ ಇರಬಹುದು! ಸಸ್ಯಾಹಾರಿಗಳು ‘ಏಷ್ಯನ್ ವೆಜಿಟೇರಿಯನ್’ ಎಂದು ಮೊದಲೇ ಹೇಳಬೇಕು.

ಎರಡನೇ ಸಲ

ಹೋದ ವರ್ಷ ಎರಡನೇ ಬಾಣಂತನಕ್ಕೆ ಹೋದಾಗ ಎಪ್ಪತ್ತಾರರ ನಮ್ಮ ಅತ್ತೆಯೂ ಮರಿಮಗಳನ್ನು ನೋಡಲು ಬಂದರು. ಅತ್ತೆಗೆ ನಡುಸಾಲಿನ ಅಂಚು, ಪಕ್ಕದಲ್ಲಿ ನಾನು. ಎರಡು ತಾಸಿಗೊಮ್ಮೆ ಎಬ್ಬಿಸಿ ವಿಮಾನದ ಹಿಂಬದಿಯವರೆಗೆ ನಡೆಸಿದೆ. ಕೂತಲ್ಲೇ ಹೊಲಿಗೆ ಯಂತ್ರ ತುಳಿದಂತೆ ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿಯೆತ್ತುವುದು, ಗಂಟೆಗೆ ಇಪ್ಪತ್ತು ಸಲ. ನೀರಿಗೆ ಗುಂಡಿ ಒತ್ತಲು ನಾನು ಹಿಂದೆಮುಂದೆ ನೋಡಿದರೆ ಅತ್ತೆಯೇ ಗದರಿದರು: “ದುಡ್ಡು ಕೊಟ್ಟಿದ್ದು ಹೌದಲ್ದನೇ ತಂಗಿ? ಮತ್ತೆಂತಕ್ಕೆ ನಾಚ್ಕೆ?”

ಇಳಿಯುವಾಗ ಅತ್ತೆಯ ಚಪ್ಪಲಿ ಸಲೀಸಾಗಿ ಕಾಲಿಗೇರಿತು. ಮಗಳು ಮೊದಲು ನೋಡಿದ್ದು ನಮ್ಮ ಮುಖವನ್ನಲ್ಲ, ಪಾದಗಳನ್ನು!

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನ ದಾರಿಯಲ್ಲಿ, ಸುಮಾರು 17 ತಾಸು ಏರ್ ಇಂಡಿಯಾ ವಿಮಾನ ಹಾರಿಸಿ ತಂದವರು ಕ್ಯಾಪ್ಟನ್ ಜೋಯಾ ಅಗರವಾಲ್ ಮತ್ತು ಅವರ ಮೂವರು ಜೊತೆಗಾತಿಯರು, ನಾಲ್ವರೂ ಹೆಂಗಸರೇ. ಅವರು ವಿಮಾನವನ್ನೇ ನಡೆಸಿದರು. ನಾವು ನಮಗೆ ಬೇಕಾದ ಸೀಟನ್ನು ಬಾಯಿಬಿಟ್ಟು ಕೇಳಬಾರದೇ? ಮುಂದಿನ ಸಲ ಯಾರಾದರೂ “ವಿಂಡೋ ಆರ್ ಐಲ್?” ಎಂದರೆ, ಗೆಳತಿಯರೇ, ದಯವಿಟ್ಟು “ಯಾವುದಾದರೂ ಆಯ್ತು” ಎನ್ನಬೇಡಿ.