ಕೊಬ್ಬಿಲ್ಲವೆಂಬ ಕೊಬ್ಬು

ಸೊಕ್ಕಿನ ಮಾತಾಡುವವರನ್ನು ಕಂಡರೆ ‘ಎಷ್ಟು ಕೊಬ್ಬು ನೋಡು’ ಎನ್ನುತ್ತೇವೆ. ನನಗಾದರೋ ಕೊಬ್ಬಿಲ್ಲವೆಂಬುದೇ ಸೊಕ್ಕಾಗಿತ್ತು. ಐದೂವರೆ ಅಡಿ ಎತ್ತರ, ಅರವತ್ತೆರಡು ಕಿಲೋ ತೂಕದ ನಾನು ಗೆಳೆಯರ ಬಾಯಲ್ಲಿ ‘ಕಡ್ಡಿ ಪೈಲ್ವಾನ್’. ಮದುವೆಮನೆಯಲ್ಲಿ ಮೂರನೆಯ ಹೋಳಿಗೆ ಹಾಕಿಸಿಕೊಳ್ಳುವಾಗ ‘ನಿಮಗೇನ್ರೀ, ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ’ ಎಂದು ಪಕ್ಕದವರು ಅಸೂಯೆಪಟ್ಟರೆ ಒಳಗೊಳಗೇ ಬೀಗುತ್ತಿದ್ದೆ.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಕಚೇರಿಯಲ್ಲಿ ನಡೆದ ಆರೋಗ್ಯ ತಪಾಸಣೆ ನನಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ವರದಿ ಅದಲುಬದಲಾಗಿರಬೇಕೆಂದು ನಂಬಿ ಮತ್ತೊಮ್ಮೆ ರಕ್ತ ಕೊಟ್ಟೆ. ಫಲಿತಾಂಶ ಬದಲಾಗಲಿಲ್ಲ. ವೈದ್ಯರು ನನ್ನ ತೂಕವನ್ನು ಕೇಳಲೂ ಇಲ್ಲ. ಹೊಟ್ಟೆಯ ಸುತ್ತ ಟೇಪು ಹಿಡಿದರು. 94 ಸೆಂಟಿಮೀಟರ್. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ನಾಲ್ಕಾರು ವರ್ಷಗಳಿಂದ ನನ್ನ ಪ್ಯಾಂಟುಗಳ ಸೊಂಟ ಬಿಡಿಸಿಕೊಡುತ್ತಿದ್ದ ದರ್ಜಿಗೆ ಗೊತ್ತಿದ್ದ ಸತ್ಯ, ಕನ್ನಡಿಯ ಮುಂದೆ ನಿಲ್ಲುತ್ತಿದ್ದ ನನಗೆ ಗೊತ್ತಿರಲಿಲ್ಲ.

ಅಂದಿನಿಂದ ಕೊಬ್ಬಿನ ಬಗ್ಗೆ ಓದತೊಡಗಿದೆ. ಶಾಲೆಯ ಪಾಠದಲ್ಲಿ ಅದು ಬರೀ ಉಗ್ರಾಣ. ಒಂದು ಗ್ರಾಂ ಪಿಷ್ಟದಲ್ಲಿ 4 ಕಿಲೋಕ್ಯಾಲರಿ ಇದ್ದರೆ ಅಷ್ಟೇ ಕೊಬ್ಬಿನಲ್ಲಿ 9 ಇರುತ್ತದೆ ಎಂಬಲ್ಲಿಗೆ ಪಾಠ ಮುಗಿಯುತ್ತಿತ್ತು. ವಾಸ್ತವದಲ್ಲಿ ಅದು ಮೂತ್ರಪಿಂಡಗಳಿಗೆ ಮೆತ್ತೆ, ಕಣ್ಣುಗುಡ್ಡೆಗಳಿಗೆ ಆಸರೆ. ಹಸುಳೆಯ ಬೆನ್ನಿನಲ್ಲಿರುವ ಕಂದು ಕೊಬ್ಬು ತಾನು ಉರಿದು ಆ ಪುಟ್ಟ ಮೈಯನ್ನು ಬೆಚ್ಚಗಿಡುತ್ತದೆ. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನಿನ ಜೀನ್ ಪತ್ತೆ ಮಾಡಿದ ಮೇಲಂತೂ ಕೊಬ್ಬಿನ ಸ್ಥಾನಮಾನವೇ ಬದಲಾಯಿತು. ಕೊಬ್ಬಿನ ಕೋಶಗಳೇ ಈ ರಸವನ್ನು ಸ್ರವಿಸಿ, ದಾಸ್ತಾನು ಎಷ್ಟಿದೆಯೆಂದು ಮೆದುಳಿಗೆ ವರದಿ ಒಪ್ಪಿಸುತ್ತವೆ. ಸತ್ತ ಸರಕೆಂದು ತಿಳಿದಿದ್ದ ಕೊಬ್ಬು ಯಕೃತ್ತು, ಗ್ರಂಥಿಗಳಂತೆ ಕೆಲಸ ಮಾಡುವ ಒಂದು ಅಂಗವೇ ಆಗಿತ್ತು.

ಇನ್ನೂ ವಿಚಿತ್ರವೆಂದರೆ, ಕೊಬ್ಬಿನ ಅಂಗಾಂಶವೇ ಇಲ್ಲದೆ ಹುಟ್ಟುವ ವಿರಳ ಮಂದಿಗೂ ತೀವ್ರ ಸ್ವರೂಪದ ಮಧುಮೇಹ ಬರುತ್ತದೆ. ಅತಿ ಹೆಚ್ಚಾದಾಗ ಬರುವ ರೋಗ ಏನೂ ಇಲ್ಲದಾಗಲೂ ಏಕೆ ಬರಬೇಕು?

ಉತ್ತರಕ್ಕೆ ನಮ್ಮ ಅಜ್ಜಂದಿರ ಕಣಜವನ್ನು ನೆನೆದರೆ ಸಾಕು. ಸುಗ್ಗಿಯ ಕಾಳು ಕಣಜದಲ್ಲಿದ್ದರೆ ಮನೆ ನೆಮ್ಮದಿಯಾಗಿರುತ್ತದೆ. ಕಣಜ ಚಿಕ್ಕದಾಗಿದ್ದರೆ ಮೂಟೆಗಳು ಪಡಸಾಲೆಗೆ, ಅಡುಗೆಮನೆಗೆ ಬಂದು ಬೀಳುತ್ತವೆ. ಓಡಾಡಲು ಜಾಗವಿರದೆ ಮನೆಗೆಲಸ ಕೆಡುತ್ತದೆ. ತೊಡೆ, ಪೃಷ್ಠ, ತೋಳುಗಳ ಚರ್ಮದಡಿಯ ಕೊಬ್ಬು ದೇಹದ ಕಣಜ. ಅದು ತುಂಬಿದಾಗ, ಅಥವಾ ಇಲ್ಲದೇ ಹೋದಾಗ, ಉಳಿದ ಕೊಬ್ಬು ಹೊಟ್ಟೆಯ ಒಳಭಾಗ, ಯಕೃತ್ತು, ಸ್ನಾಯುಗಳನ್ನು ಸೇರುತ್ತದೆ. ಅಲ್ಲಿ ಇನ್ಸುಲಿನ್‌ನ ಮಾತು ನಡೆಯದಂತಾಗಿ ರಕ್ತದಲ್ಲಿ ಸಕ್ಕರೆ ಏರುತ್ತದೆ. ಎಷ್ಟು ಕೊಬ್ಬಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದೇ ಮುಖ್ಯವಾಗುವುದು ಹೀಗೆ.

ಇದು ನನ್ನೊಬ್ಬನ ಕಥೆಯಲ್ಲ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಹಾಗೂ ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಶೇ 9.1ರಷ್ಟು ಕೊಬ್ಬಿದ್ದರೆ, ಯಾಜ್ಞಿಕ್ ಅವರಲ್ಲಿ ಶೇ 21.2! ಅದಕ್ಕೂ ಮುನ್ನ ಯಾಜ್ಞಿಕ್ ತಂಡ, ಪುಣೆ ಸಮೀಪದ ಹಳ್ಳಿಗಳ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದು 3.5 ಕಿಲೋ ಎಂದು ತೋರಿಸಿತ್ತು. ನಮ್ಮ ಶಿಶುಗಳಲ್ಲಿ ಸೊರಗಿದ್ದುದು ಸ್ನಾಯು; ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಅಧ್ಯಯನವೂ 2005ರಲ್ಲಿ ಇಂಥದೇ ಚಿತ್ರ ಕೊಟ್ಟಿತು. ಸಕ್ಕರೆಯನ್ನು ಹೆಚ್ಚಾಗಿ ಬಳಸಬೇಕಾದ ಸ್ನಾಯುವೇ ಕಡಿಮೆಯಿದ್ದರೆ ಊಟದ ಸಕ್ಕರೆ ಹೋಗುವುದೆಲ್ಲಿಗೆ?

ಹೀಗಿದ್ದೂ ನಮ್ಮ ಎಚ್ಚರವೆಲ್ಲ ದಪ್ಪಗಿರುವವರ ಮೇಲೆ. ಅವರನ್ನು ಹಂಗಿಸುತ್ತೇವೆ, ತೆಳ್ಳಗಿರುವವರನ್ನು ಹೊಗಳಿ ಮೈಮರೆಸುತ್ತೇವೆ. ತೂಕದ ಸೂಚ್ಯಂಕವೊಂದನ್ನೇ ನಂಬಿ ಬೊಜ್ಜನ್ನು ಅಳೆಯಬಾರದು, ಸೊಂಟದ ಸುತ್ತಳತೆಯಂಥ ಅಳತೆಯೂ ಬೇಕು ಎಂದು ‘ಲ್ಯಾನ್ಸೆಟ್’ ಬಳಗದ ತಜ್ಞರ ಆಯೋಗ 2025ರಲ್ಲಿ ಹೇಳಿದೆ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ಶಾಲೆ, ಕಚೇರಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೂಕದ ಯಂತ್ರದ ಪಕ್ಕ ಒಂದು ಟೇಪು ಇಡಲು ಎಷ್ಟು ಖರ್ಚಾದೀತು?

ವರ್ಷವೊಂದರ ಬಿರುಸು ನಡಿಗೆ, ಭಾರ ಎತ್ತುವ ವ್ಯಾಯಾಮ, ಅರ್ಧಕ್ಕಿಳಿದ ಅನ್ನದಿಂದ ನನ್ನ ಸುತ್ತಳತೆ 88ಕ್ಕೆ ಬಂದಿದೆ. ಗುಳಿಗೆಯ ಪ್ರಮಾಣವೂ ಇಳಿದಿದೆ. ನನ್ನ ಮಗನೂ ನನ್ನಂತೆಯೇ ಕಡ್ಡಿ. ಮೊನ್ನೆ ಬಂದ ನೆಂಟರೊಬ್ಬರು ‘ಇವನಿಗೇನು ಬಿಡಿ, ಎಷ್ಟು ಬೇಕಾದರೂ ತಿನ್ನಬಹುದು’ ಎಂದು ಅವನ ತಟ್ಟೆಗೆ ಮತ್ತೊಂದು ಮೈಸೂರುಪಾಕು ಹಾಕಿದರು. ನಾನು ಮೊದಲ ಬಾರಿಗೆ ಬೇಡವೆಂದೆ. ಅವರಿಗೆ ಬೇಸರವಾಯಿತು, ಮಗನಿಗೂ. ಸಂಜೆ ಅವನನ್ನು ಕೂರಿಸಿಕೊಂಡು ಕಣಜದ ಕಥೆ ಹೇಳಿದೆ.